ಪರೀಕ್ಷೆಗೆ ಮೊದಲೇ ಅಂಕಪಟ್ಟಿ

ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಕೊನೆಯುಸಿರೆಳೆದದ್ದು ದೂರದ ಸೈಪ್ರಸ್ ದ್ವೀಪದಲ್ಲಿ, 1965ರ ಡಿಸೆಂಬರ್ 18ರಂದು. ಆಗ ಅವರು ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿಯನ್ನೂ ಹೊರಡಿಸಿತು. 1964ರಲ್ಲಿ ಮೂರು ತಿಂಗಳ ಮಟ್ಟಿಗೆಂದು ರಚಿತವಾದ ಆ ಪಡೆ ಇಂದಿಗೂ ಅಲ್ಲಿಯೇ ಇದೆ. ಇದನ್ನೇ ಬೊಟ್ಟುಮಾಡಿ, “ಗ್ರೀಕರೂ ತುರ್ಕರೂ ಕೂಡಿ ಬಾಳಲಾರರು, ಎರಡು ದೇಶ ಮಾಡಿ ಕೈತೊಳೆದುಕೊಳ್ಳಿ” ಎನ್ನುವ ಪಂಡಿತರಿದ್ದಾರೆ. ದ್ವೀಪದ ಜನರ ತಲೆಗೆ ಕಟ್ಟುತ್ತಿರುವ ಈ ಅಪವಾದವನ್ನು ನಾನು ಒಪ್ಪಲಾರೆ.

1960ರಲ್ಲಿ ಸ್ವಾತಂತ್ರ್ಯ ಬಂದಾಗ ಬ್ರಿಟನ್, ಗ್ರೀಸ್, ತುರ್ಕಿ ಮೂರೂ ಅದರ ಅಖಂಡತೆಗೆ ಜಾಮೀನು ನಿಂತವು. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತ ಕ್ಷಿಪ್ರಕ್ರಾಂತಿ ಮಾಡಿಸಿತು. ಐದೇ ದಿನದಲ್ಲಿ ತುರ್ಕಿಯ ಸೇನೆ ಬಂದಿಳಿಯಿತು. ಆಗಸ್ಟ್ ಮುಗಿಯುವುದರೊಳಗೆ ನೆಲದ ಶೇಕಡಾ 37ರಷ್ಟು ಅದರ ವಶವಾಗಿತ್ತು. ಬ್ರಿಟನ್ ತನ್ನ ಎರಡು ಸೇನಾನೆಲೆಗಳನ್ನು ಭದ್ರವಾಗಿ ಉಳಿಸಿಕೊಂಡು ನೋಡುತ್ತ ಕುಳಿತಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಪೈರನ್ನು ಬೈಯುವುದು ಯಾವ ನ್ಯಾಯ?

ರಾಜತಾಂತ್ರಿಕರ ದೊಡ್ಡ ಪ್ರಮಾದ ನಡೆದದ್ದು ಆಮೇಲೆ. ಇತ್ಯರ್ಥವಾಗದಿದ್ದರೂ ಸೈಪ್ರಸ್‌ಗೆ ಸದಸ್ಯತ್ವ ಸಿಗಬಹುದೆಂದು ಐರೋಪ್ಯ ಒಕ್ಕೂಟ 1999ರಲ್ಲಿ ಹೆಲ್ಸಿಂಕಿಯಲ್ಲಿ ಸೂಚಿಸಿತು. 2003ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು. ಕೋಫಿ ಅನ್ನಾನ್ ಅವರ ಏಕೀಕರಣ ಯೋಜನೆ ಜನರ ಮುಂದೆ ಬಂದದ್ದು 2004ರ ಏಪ್ರಿಲ್ 24ರಂದು. ತುರ್ಕಿ ಸೈಪ್ರಿಯಟರಲ್ಲಿ ಶೇಕಡಾ 65 ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ 76 ಮಂದಿ ತಿರಸ್ಕರಿಸಿದರು. ವಾರ ಕಳೆಯುವಷ್ಟರಲ್ಲಿ, ಮೇ 1ರಂದು, ತಿರಸ್ಕರಿಸಿದವರು ಒಕ್ಕೂಟದೊಳಗೆ, ಒಪ್ಪಿದವರು ಹೊರಗೆ! ಅಂಕಪಟ್ಟಿಯನ್ನು ಮೊದಲೇ ಕೈಗಿತ್ತು ಆಮೇಲೆ ಪರೀಕ್ಷೆಗೆ ಕೂರಿಸಿದರೆ ಯಾವ ಹುಡುಗ ಓದಿಯಾನು? ಸದಸ್ಯತ್ವದ ಬೀಗದಕೈ ತುರ್ಕಿಯ ಕೈಗೆ ಹೋಗಬಾರದೆಂಬ ವಾದದಲ್ಲಿ ಹುರುಳಿತ್ತು, ನಿಜ. ಪರಕೀಯ ಸೈನಿಕರು ಉಳಿಯುವರೆಂಬ ಗ್ರೀಕ್ ಸೈಪ್ರಿಯಟರ ಭಯವೂ ಸುಳ್ಳಲ್ಲ. ಆದರೆ ಆ ಭಯವನ್ನು ಕಳೆಯಬೇಕಾದವರೂ ಅದೇ ಜಾಮೀನುದಾರರಲ್ಲವೆ? 2017ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಮಾತುಕತೆ ಮುರಿದಾಗಲೂ ಎದುರಾದ ದೊಡ್ಡ ತೊಡಕು ಇದೇ ಸೇನೆ ಮತ್ತು ಜಾಮೀನಿನದು.

ಇನ್ನು ಕೂಡಿ ಬಾಳಲಾರರೆಂಬ ಮಾತು. ರಾಜಧಾನಿ ನಿಕೋಸಿಯಾವನ್ನು ಮುಳ್ಳುತಂತಿ ಸೀಳಿದ ಕೆಲವೇ ವರ್ಷಗಳಲ್ಲಿ ಅದರ ಎರಡೂ ಭಾಗದ ಮೇಯರುಗಳು, ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಒಟ್ಟಿಗೆ ಕುಳಿತು ಇಡೀ ನಗರಕ್ಕೆ ಒಂದೇ ಒಳಚರಂಡಿ ವ್ಯವಸ್ಥೆಯನ್ನು ಮಾಡಿಸಿದರು. ಯಾವ ಶೃಂಗಸಭೆಯೂ ಇದಕ್ಕೆ ಹಾರ ಹಾಕಲಿಲ್ಲ. ಗಲಭೆ, ಯುದ್ಧಗಳಲ್ಲಿ ಕಾಣೆಯಾದ 2002 ಮಂದಿಯ ಅಸ್ಥಿಗಳನ್ನು ಹುಡುಕಿ ಗುರುತಿಸುವ ಕೆಲಸದಲ್ಲಿ ಎರಡೂ ಸಮುದಾಯದ ತರುಣ ವಿಜ್ಞಾನಿಗಳು ಒಂದೇ ಪ್ರಯೋಗಾಲಯದಲ್ಲಿ ದುಡಿಯುತ್ತಾರೆ. ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಮ್ಮವರ ಅವಶೇಷ ದೊರೆತಿದೆ.

2025ರ ಅಕ್ಟೋಬರ್‌ನಲ್ಲಿ ತುರ್ಕಿ ಸೈಪ್ರಿಯಟರು ಎರಡು ದೇಶದ ವಾದಿಯನ್ನು ಸೋಲಿಸಿ, ಸಂಯುಕ್ತ ರಾಷ್ಟ್ರದ ಪರವಾದ ತುಫಾನ್ ಎರ್ಹುರ್ಮಾನ್ ಅವರನ್ನು ಭಾರಿ ಬಹುಮತದಿಂದ ಆರಿಸಿದರು. ಇನ್ನು ಮಾತುಕತೆಯೆಂದು ಕೂರುವುದಾದರೆ, 1960ರ ಆ ಜಾಮೀನುಪತ್ರವನ್ನು ಕೊನೆಯ ರಾತ್ರಿಗೆಂದು ಎತ್ತಿಡದೆ ಮೊದಲ ದಿನವೇ ಮೇಜಿನ ಮೇಲೆ ಹರಡಲಿ.