ವ್ಯಾಟಿನ ವ್ಯಾಮೋಹ

ದೀಪಾವಳಿಗೆ ಮುಂಚೆ ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರ ಕೈಗೆ ಬೋನಸ್ಸೆಂದು ಬರುವುದು 6908 ರೂಪಾಯಿ. ಅದು ಬರುವ ಮೊದಲೇ ಮನೆಯಲ್ಲಿ ಖರ್ಚಿನ ಪಟ್ಟಿ ಸಿದ್ಧವಾಗಿರುತ್ತದೆ. ಈಚೆಗೆ ಆ ಪಟ್ಟಿಯ ತಲೆಯಲ್ಲೇ ತಂತಿಯಿಲ್ಲದ ಹೆಡ್‌ಫೋನು, ಹಿಡಿದೊಯ್ಯುವ ಸ್ಪೀಕರು. ಕೊಳ್ಳಲೇಬೇಡಿ ಎನ್ನಲು ನಾವೇನು ಸಂನ್ಯಾಸಿಗಳಲ್ಲ. ಆದರೆ ನಮ್ಮ ಬಂಧುಗಳು ಕೊಳ್ಳುತ್ತಿರುವ ರೀತಿಗೆ ನಮ್ಮ ತಕರಾರಿದೆ.

ಹಳೆ ದೆಹಲಿಯ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಗಿರಾಕಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವ್ಯಾಟು?’ ಹತ್ತಕ್ಕಿಂತ ಇಪ್ಪತ್ತು ವ್ಯಾಟಿನದು ಇಮ್ಮಡಿ ಸದ್ದು ಮಾಡುತ್ತದೆಂದು ನಂಬಿ ಇಮ್ಮಡಿ ಹಣ ತೆತ್ತು ಬರುತ್ತೇವೆ. ಬಿ.ಎಸ್ಸಿ.ಯಲ್ಲಿ ಕಲಿತದ್ದು ಬಹುಪಾಲು ಫೈಲುಗಳ ಧೂಳಿನಲ್ಲಿ ಮರೆತುಹೋಗಿದೆ, ಡೆಸಿಬಲ್ ಲೆಕ್ಕ ಮಾತ್ರ ನೆನಪಿದೆ. ವ್ಯಾಟು ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯೆನಿಸಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತು ಪಟ್ಟು ವ್ಯಾಟು ಬೇಕು. ಅದೂ ಡಬ್ಬಿಯ ಮೇಲಿನ ಸಂಖ್ಯೆ ಪಿ.ಎಂ.ಪಿ.ಓ. ಆಗಿದ್ದರೆ ಕ್ಷಣಮಾತ್ರದ ಉಬ್ಬರ ಅಷ್ಟೆ. ಆರ್.ಎಂ.ಎಸ್. ಎಷ್ಟೆಂದು ಕೇಳಿ ನೋಡಿ, ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗುತ್ತಾನೆ.

ಇನ್ನು ಉಳಿದ ಬಿರುದುಗಳು. ಐ.ಪಿ.ಎಕ್ಸ್. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು ಎಂದರ್ಥ. ಮೇ ತಿಂಗಳಲ್ಲಿ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಕೆಟ್ಟು ತುಂಬಿದರೇ ಪುಣ್ಯ! ಎಲ್‌ಡ್ಯಾಕ್ ಇದೆಯೆಂದು ಹೆಚ್ಚು ಕೊಟ್ಟವರ ಕೈಯಲ್ಲಿ ಐಫೋನಿದ್ದರೆ ಆ ಹಣ ನೀರುಪಾಲು, ಆ ಫೋನು ಅದನ್ನು ಕಳಿಸುವುದೇ ಇಲ್ಲ. ಹೊರಗಿನ ಗದ್ದಲ ತಗ್ಗಿಸುವ ಸೌಕರ್ಯ ಮಾತ್ರ ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ನಿಜವಾಗಿ ಉಪಯೋಗ. ಇಂಜಿನ್ನಿನ ಗುಂಯ್‌ಗುಟ್ಟುವಿಕೆ ಇಳಿದರೆ ಹಾಡಿನ ಸದ್ದನ್ನೂ ಇಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ಲನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿದವರು ಯಾರು?

ಯಾರೂ ಕೇಳದ ಪ್ರಶ್ನೆ ಬ್ಯಾಟರಿಯದು. ನಾವೂ ಮೋಸಹೋದವರೇ. 4000 ರೂಪಾಯಿಯ ಕಿವಿಗುಂಡಿಗಳು ಇಪ್ಪತ್ತು ತಿಂಗಳಿಗೆ ಮುಕ್ಕಾಲು ಗಂಟೆಯೂ ಹಾಡದಾದವು. ವಾರಂಟಿ ಒಂದೇ ವರ್ಷ. ಬ್ಯಾಟರಿ ಬದಲಿಸಲಾಗದು, ಹೊಸದನ್ನೇ ಕೊಳ್ಳಿ ಎಂದರು. ತಿಂಗಳಿಗೆ 200 ರೂಪಾಯಿ ಬಾಡಿಗೆ ಕಟ್ಟಿದಂತಾಯಿತು. 300 ರೂಪಾಯಿಯ ತಂತಿಯ ಇಯರ್‌ಫೋನು ಇನ್ನೂ ಕೆಲಸ ಮಾಡುತ್ತಿದೆ.

ಹಣದ ಮಾತು ಹಾಗಿರಲಿ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಹೆಡ್‌ಫೋನು ಬಂದ ಮೇಲೆ ಊಟಕ್ಕೆ ಕರೆದರೆ ‘ಕ್ಯಾ?’ ಎಂಬ ಉತ್ತರ ಬರುತ್ತದೆ. ಊರಿನಲ್ಲಿದ್ದರೆ ಬೀದಿಯೇ ಕನ್ನಡ ಕಲಿಸುತ್ತಿತ್ತು. ಇಲ್ಲಿ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಮನೆಯೊಳಗೆ ಮಾತ್ರ. ಆ ಕಿವಿಯನ್ನೂ ನಾವೇ ದುಡ್ಡು ಕೊಟ್ಟು ಮುಚ್ಚಿಸಿದರೆ, ಸಂಘದಲ್ಲಿ ಕನ್ನಡ ತರಗತಿಗೆ ಮಕ್ಕಳು ಬರುವುದಿಲ್ಲವೆಂದು ಗೋಳಾಡುವುದೇಕೆ?

ಕೊಳ್ಳುವುದಾದರೆ ಒಂದು ಸ್ಪೀಕರು ಕೊಳ್ಳಿ, ಸಾವಿರದೈನೂರರ ಒಳಗೆ. ಅಡಿಗೆಮನೆಯ ಶೆಲ್ಫಿನ ಮೇಲಿಡಿ. ಫೋನಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದರೆ ಧಾರವಾಡ ಕೇಂದ್ರ ದೆಹಲಿಯಲ್ಲೂ ಸಿಗುತ್ತದೆ. ನಮ್ಮಲ್ಲಿ ಬೆಳಗಿನ ಹೊತ್ತು ಅದೇ ಹಾಡುತ್ತಿರುತ್ತದೆ. ಮೊನ್ನೆ ಶಾಲೆಗೆ ಹೊರಟ ಮಗ ಬೂಟು ಕಟ್ಟುತ್ತ, ‘ಹಿಂಗಾರು ಅಂದರೇನಪ್ಪಾ?’ ಎಂದು ಕೇಳಿದ. ಬಸ್ಸು ತಪ್ಪಿದರೂ ಸರಿಯೆಂದು ಕೂತು ಹೇಳಿದೆವು.