ಬಣ್ಣ ಗೊತ್ತು, ಕಣ ಯಾವುದು?

ಬೆಳಕಿನ ತರಂಗದೂರಕ್ಕಿಂತ ಸಣ್ಣ ರಚನೆಗಳನ್ನು ಕಟ್ಟಿ, ಬೆಳಕು ಎಲ್ಲಿ ಚದುರಬೇಕು, ಎಲ್ಲಿ ಹೀರಿಹೋಗಬೇಕು ಎಂಬುದನ್ನು ನಿಯಂತ್ರಿಸುವ ವಿದ್ಯೆ ನ್ಯಾನೋಫೋಟಾನಿಕ್ಸ್. ಈ ಕೆಲಸವನ್ನು ನವಿಲು ಬಹಳ ಹಿಂದಿನಿಂದಲೂ ಮಾಡುತ್ತಿದೆ. ಅದರ ಗರಿಯಲ್ಲಿ ಮೆಲನಿನ್ ಕಡ್ಡಿಗಳು ಸಾಲುಸಾಲಾಗಿ ಜೋಡಣೆಗೊಂಡಿವೆ. ಸಾಲುಗಳ ಅಂತರ ಸುಮಾರು 140 ನ್ಯಾನೋಮೀಟರ್ ಇದ್ದಲ್ಲಿ ನೀಲಿ, 150ರ ಆಸುಪಾಸಿನಲ್ಲಿ ಹಸಿರು.

ರಚನೆ ಗೊತ್ತಿದ್ದರೆ ಬಣ್ಣ ಹೇಳುವುದು ಬೆಳಕಿನ ನಡೆಯನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳ ಕೆಲಸ. ಗೋಳಾಕಾರದ ಕಣಕ್ಕೆ ಗುಸ್ತಾವ್ ಮೀ 1908ರಲ್ಲೇ ಲೆಕ್ಕ ಹಾಕಿಕೊಟ್ಟಿದ್ದ. ತೊಡಕಿರುವುದು ತಿರುವುಮುರುವಾದ ಪ್ರಶ್ನೆಯಲ್ಲಿ: ಬೇಕಾದ ಬಣ್ಣ ಇದು, ಯಾವ ಕಣ ಮಾಡಲಿ? ಒಂದೊಂದೇ ಅಳತೆಯನ್ನು ಬದಲಿಸಿ, ಮತ್ತೆ ಲೆಕ್ಕ ಹಾಕಿ, ಮತ್ತೆ ಬದಲಿಸುವುದೇ ಹಳೆಯ ದಾರಿ.

ಬೇರೆ ದಾರಿ ಹುಡುಕಿ 2018ರಲ್ಲಿ ಎಂಐಟಿಯ ಸಂಶೋಧಕರು ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ಪದರಗಳನ್ನು ಈರುಳ್ಳಿಯಂತೆ ಸುತ್ತಿದ ಕಣಗಳನ್ನು ಆರಿಸಿಕೊಂಡರು. ಪದರಗಳ ದಪ್ಪ 30ರಿಂದ 70 ನ್ಯಾನೋಮೀಟರ್. ಅಂಥ ಸುಮಾರು 50,000 ಉದಾಹರಣೆಗಳಿಂದ ನರಜಾಲವೆಂಬ ಕಂಪ್ಯೂಟರ್ ವಿಧಾನ ಕಲಿತದ್ದು ಭೌತಶಾಸ್ತ್ರವನ್ನಲ್ಲ, ದಪ್ಪಕ್ಕೂ ಬೆಳಕಿನ ಚದುರುವಿಕೆಗೂ ಇರುವ ನಂಟನ್ನು. ಕಲಿತ ಮೇಲೆ ಉತ್ತರಕ್ಕೆ ಕ್ಷಣ ಸಾಕು. ಆದರೆ ಆ ಉದಾಹರಣೆಗಳನ್ನೆಲ್ಲ ಮೊದಲು ಲೆಕ್ಕಹಾಕಿಯೇ ತಯಾರಿಸಬೇಕು. ಒಂದೇ ಬಾರಿ ಕೇಳುವ ಪ್ರಶ್ನೆಗೆ ಈ ಖರ್ಚು ದಂಡ.

ಇನ್ನೂ ಆಳದ ತೊಡಕೆಂದರೆ ಒಂದೇ ಬಣ್ಣಕ್ಕೆ ಹಲವು ರಚನೆಗಳು ಸಲ್ಲುತ್ತವೆ. 40 ನ್ಯಾನೋಮೀಟರೂ ಸರಿ, 60 ಆದರೂ ಸರಿ ಎಂದಿಟ್ಟುಕೊಳ್ಳೋಣ. ಎರಡನ್ನೂ ಕಂಡ ಜಾಲ ಸರಾಸರಿ ತೆಗೆದು 50 ಎನ್ನುತ್ತದೆ. ಅದು ಆ ಬಣ್ಣಕ್ಕೆ ಸಲ್ಲದ ಅಳತೆ. ಇದಕ್ಕೆ 2018ರಲ್ಲೇ ಒಂದು ಜಾಣ ಉಪಾಯ ಬಂತು: ರಚನೆಯಿಂದ ಬಣ್ಣ ಹೇಳುವ ಜಾಲವೊಂದನ್ನು ಮೊದಲು ಪಳಗಿಸಿ, ಅದರ ಮುಂದೆ ವಿನ್ಯಾಸ ಸೂಚಿಸುವ ಜಾಲವನ್ನು ಜೋಡಿಸುವುದು. ಆಗ ಸೂಚಿಸಿದ ದಪ್ಪ ಉದಾಹರಣೆಯ ದಪ್ಪಕ್ಕೆ ಹೊಂದಿತೇ ಎಂದು ಯಾರೂ ಕೇಳುವುದಿಲ್ಲ. ಬಣ್ಣ ಹೊಂದಿದರೆ ಸಾಕು.

ವಸ್ತುವಿನ ಆಯ್ಕೆ ಬೇರೆಯೇ ಜಾತಿಯ ಪ್ರಶ್ನೆ. ದಪ್ಪವನ್ನು ಚೂರುಚೂರೇ ಹೆಚ್ಚುಕಡಿಮೆ ಮಾಡಬಹುದು. ಬೆಳ್ಳಿಯನ್ನು ಸ್ವಲ್ಪ ಸಿಲಿಕಾನಿನತ್ತ ಸರಿಸಲಾಗದು. ದಕ್ಷಿಣ ಕೊರಿಯಾದ ಪೊಸ್ಟೆಕ್ ತಂಡ 2019ರಲ್ಲಿ ಮೂರು ಪದರದ ಕಣಗಳ ವಿಷಯದಲ್ಲಿ ಎರಡನ್ನೂ ಜಾಲದಿಂದ ಒಟ್ಟಿಗೆ ಕೇಳಿತು: ದಪ್ಪಕ್ಕೆ ಸಂಖ್ಯೆ, ವಸ್ತುವಿಗೆ ಪಟ್ಟಿಯಿಂದ ಹೆಸರು. ವಸ್ತುವನ್ನು ಮೊದಲೇ ಗೊತ್ತುಮಾಡಿ ಅಳತೆಯನ್ನಷ್ಟೇ ಹುಡುಕುವುದಕ್ಕಿಂತ ಇದು ಪ್ರಾಮಾಣಿಕ ಮಾರ್ಗ, ಏಕೆಂದರೆ ಒಂದು ವಸ್ತುವಿಗೆ ಒಪ್ಪುವ ದಪ್ಪ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಹಾಗೆಂದು ವಿನ್ಯಾಸಕಾರನ ಜಾಗವನ್ನು ಜಾಲಕ್ಕೆ ಬಿಟ್ಟುಕೊಡಲಾಗದು. ಪಟ್ಟಿಯಲ್ಲಿಲ್ಲದ ವಸ್ತು ಅದಕ್ಕೆ ಹೊಳೆಯುವುದಿಲ್ಲ. ಕಲಿತ ಅಳತೆಗಳಾಚೆ ಕೇಳಿದರೆ ಅಷ್ಟೇ ಧೈರ್ಯದಿಂದ ತಪ್ಪು ಹೇಳುತ್ತದೆ. ಹಾಗಾಗಿ ಅದು ಸೂಚಿಸಿದ ಕಣವನ್ನು ಮತ್ತೆ ಮ್ಯಾಕ್ಸ್‌ವೆಲ್ ಲೆಕ್ಕಕ್ಕೆ ಒಡ್ಡಲೇಬೇಕು. ಬಣ್ಣವನ್ನಷ್ಟೇ ಕೇಳಿದ ಜಾಲ ಬೆಳ್ಳಿಯನ್ನು ಆರಿಸಬಹುದು. ದೇವರಮನೆಯ ಬೆಳ್ಳಿ ದೀಪದಂತೆ ಅದು ಗಾಳಿಗೆ ಕಪ್ಪಾಗುತ್ತದೆಂಬ ಸಂಗತಿ ಜಾಲ ನೋಡಿದ ಯಾವ ಉದಾಹರಣೆಯಲ್ಲೂ ಇರಲಿಲ್ಲ.