ತಟ್ಟೆ ನಮ್ಮದು, ತಪಾಸಣೆ ಯಾರದು?



ಕಲಬುರಗಿ ತೊಗರಿಯ ನಾಡು. ಆದರೆ ಹಾಸ್ಟೆಲಿನ ತಟ್ಟೆಗೆ ಬೀಳೋ ಬ್ಯಾಳಿ ಎಂಥದು? ಹುಳ ಹಿಡಿದದ್ದೋ, ಮೆಟಾನಿಲ್ ಹಳದಿ ಬಳಿದದ್ದೋ, ನೋಡಿದವರು ಯಾರು? ಟೆಂಡರು ಹಿಡಿದವ ನೋಡೂದಿಲ್ಲ, ಸಾಹೇಬರು ಉಣ್ಣೂದಿಲ್ಲ. ಉಣ್ಣೋರು ನಾವು. ಹೊಟ್ಟೆ ಕೆಟ್ಟರೆ 'ಹುಡುಗರು ಹೊರಗ ಏನೋ ತಿಂದು ಬಂದಾರ' ಅಂತ ಕೈ ತೊಳಕೊಳ್ತಾರ.

ಹೊರಗಿನದಾದರೂ ನೆಟ್ಟಗಿದೆಯೇ? ರಾಜ್ಯ ಸರ್ಕಾರ ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಪಾಯಕಾರಿ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೊಡಮೈನ್-ಬಿ ಸಿಕ್ಕಿತು. 2024ರ ಮಾರ್ಚಿನಲ್ಲಿ ಅಂಥ ಬಣ್ಣಗಳ ಬಳಕೆ ನಿಷೇಧವಾಯಿತು. ಮಾದರಿ ತೆಗೆದ ಕಡೆ ವಿಷ ಬಯಲಾಯಿತು. ತೆಗೆಯದೆ ಬಿಟ್ಟ ಕಡೆ? ಕಮಲಾಪುರದ ಕೆಂಪು ಬಾಳೆಯ ಹೆಸರನ್ನು ಯಾರೂ ಕದಿಯದಂತೆ ಭೌಗೋಳಿಕ ಗುರುತಿನ ಕಾವಲಿದೆ. ಹಣ್ಣಿನ ಹೆಸರಿಗೆ ಸಿಕ್ಕ ಕಾವಲು ಅದೇ ಕಮಲಾಪುರದ ಮಕ್ಕಳ ಹೊಟ್ಟೆಗೆ ಬೇಡವೇ?

ನಾವು ಮುಟ್ಟಿದರೆ ನೀರು ಮೈಲಿಗೆ ಅಂದ ಸಮಾಜ ಇದು. ಅನ್ನಕ್ಕೆ ವಿಷ ಬೆರೆಸಿದವನನ್ನು ಎಂದಾದರೂ ಮೈಲಿಗೆ ಅಂದಿದೆಯೇ? 

ಕಾನೂನಿಲ್ಲ ಅಂತ ಯಾರೂ ಹೇಳಕೂಡದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಗೆ ಖಾಸಗಿ-ಸರ್ಕಾರಿ, ಲಾಭ-ಲಾಭವಿಲ್ಲದ್ದು ಎಂಬ ಭೇದವಿಲ್ಲ. ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 7 ವರ್ಷ ಜೈಲು.

ಕಲಂ 40 ಓದಿರಿ. ಕೊಂಡವರು ಯಾರೇ ಆಗಲಿ, ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಮಾಲು ಕಾನೂನಿಗೆ ತಪ್ಪಿದ್ದರೆ ಶುಲ್ಕ ವಾಪಸು. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ವಿಭಾಗೀಯ ಆಹಾರ ಪ್ರಯೋಗಾಲಯ ಕಲಬುರಗಿಯಲ್ಲೇ ಇದೆ. ಈ ಹಕ್ಕಿನ ಮಾತು ಯಾವ ಹಾಸ್ಟೆಲಿನ ಗೋಡೆ ಮೇಲೆ ಬರೆದಾರ?

ನಮ್ಮ ಬೇಡಿಕೆ ಮೂರು:

1. ಕಲಬುರಗಿಯಿಂದ ಕಮಲಾಪುರದ ತನಕ ಪ್ರತಿ ಹಾಸ್ಟೆಲಿನ ಬ್ಯಾಳಿ, ಎಣ್ಣೆ, ಖಾರಪುಡಿ, ನೀರಿನ ಮಾದರಿ ಮುಂಚೆ ಹೇಳದೆ ತೆಗೆಯಲಿ.

2. ಮೊಹರು ಹಾಕುವಾಗ ವಿದ್ಯಾರ್ಥಿಗಳು ಎದುರಿಗಿರಲಿ.

3. ವರದಿ ಕನ್ನಡದಲ್ಲಿ ನೋಟೀಸು ಬೋರ್ಡಿಗೆ ಬರಲಿ. ಮಾಲು ಕೆಟ್ಟದ್ದೆಂದು ಬಂದರೆ ಟೆಂಡರು ರದ್ದಾಗಲಿ.

ಕೇಳೋದು ಭಿಕ್ಷೆ ಅಲ್ಲ. ಅರ್ಜಿ ಬರೀರಿ, ಎಲ್ಲರೂ ಸಹಿ ಹಾಕ್ರಿ, ಸ್ವೀಕೃತಿ ಚೀಟಿ ಇಸ್ಕೊಳ್ರಿ. ಒಬ್ಬನೇ ಹೋದರೆ ಹೆಸರು ಬರಕೊಂಡು ಹೆದರಿಸ್ತಾರ. ನೂರು ಮಂದಿ ತಟ್ಟೆ ಹಿಡಿದು ನಿಂತರೆ ಸಾಹೇಬರೂ ಬ್ಯಾಳಿಯ ರುಚಿ ನೋಡಲೇಬೇಕು!